ನೀಲಿ ಪದರದ ನಾಲ್ಕನೇ ಗುಳಿ

ಡಾಕ್ಟರಮ್ಮನ ಕಾಲು ಪೆಡಲಿನಿಂದ ಎದ್ದಿತು. ಡ್ರಿಲ್ಲಿನ ಕಿರಗುಟ್ಟುವಿಕೆ ನಿಂತಿತು.

“ಗಡಿಬಿಡಿ, ನೀರು ಎಳಿ.”

ಗಡಿಬಿಡಿ ಎನ್ನುವುದು ಸಹಾಯಕಿಯ ಅಡ್ಡಹೆಸರು. ಹದಿನಾರು ವರ್ಷದಿಂದ ಈ ದವಾಖಾನೆಯಲ್ಲಿರುವ ಆಕೆ ಒಮ್ಮೆಯಾದರೂ ಅವಸರ ಮಾಡಿದ್ದನ್ನು ಕಂಡವರಿಲ್ಲ. ಅದನ್ನು ನೋಡಿಯೇ ಆ ಹೆಸರು ಇಟ್ಟವರು ಡಾಕ್ಟರಮ್ಮನ ಗಂಡ. ಅವರೂ ಹಲ್ಲಿನ ಡಾಕ್ಟರೇ. ಏಳು ವರ್ಷದ ಹಿಂದೆ ಒಂದು ಮಂಗಳವಾರ ಮಧ್ಯಾಹ್ನ ‘ಬಂದೆ’ ಎಂದು ಹೇಳಿ ಹೊರಗೆ ಹೋದವರು, ಇನ್ನೂ ಬಂದಿಲ್ಲ.

ಗಡಿಬಿಡಿ ಸಾವಕಾಶವಾಗಿ ನಳಿಕೆ ಇಳಿಸಿದಳು. ಗೊರಗೊರ ಎಂದು ನೀರು ಹೋಯಿತು. ಹಲ್ಲಿನ ತಳ ಕಾಣಿಸಿತು.

ನೀಲಿಯಾಗಿತ್ತು.

ದೊಡ್ಡವರ ದವಡೆಹಲ್ಲಿನ ತಳಕ್ಕೆ ಯಾರೂ ನೀಲಿ ಹಾಕುವುದಿಲ್ಲ. ನೀಲಿ ಸಿಮೆಂಟು ಬರುವುದು ಮಕ್ಕಳ ಹಾಲುಹಲ್ಲಿಗೆ. ಬಣ್ಣ ತೋರಿಸಿ ಬಾಯಿ ತೆರೆಸುವ ಉಪಾಯ ಅದು. ದೊಡ್ಡವರ ಹಲ್ಲಿನ ಬೇರಿನ ನಾಳಗಳನ್ನು ತುಂಬಿ, ಅವುಗಳ ಬಾಯಿಗೆ ಈ ನೀಲಿಯನ್ನು ಬಳಿದು ಮುಚ್ಚುವ ಡಾಕ್ಟರುಗಳು ಲೋಕದಲ್ಲಿ ಇಬ್ಬರೇ ಎಂದು ಡಾಕ್ಟರಮ್ಮ ತಿಳಿದಿದ್ದರು. ಒಬ್ಬರು ತಾವು. ಇನ್ನೊಬ್ಬರು, ತಮಗೆ ಅದನ್ನು ಕಲಿಸಿದವರು.

‘ನಾವು ತುಂಬಿದ್ದನ್ನ ಒಂದು ದಿನ ಯಾರೋ ತೆಗೀತಾರೆ,’ ಎನ್ನುತ್ತಿದ್ದರು ಗಂಡ. ‘ನಮ್ಮ ಕೆಲಸ ಎಲ್ಲಿ ಮುಗೀತು, ಹಲ್ಲು ಎಲ್ಲಿ ಶುರುವಾಯ್ತು ಅಂತ ಅವರಿಗೆ ಕಾಣಬೇಕು. ಇಲ್ಲಾಂದ್ರೆ ಕುರುಡಾಗಿ ಕೊರೆದು ಬೇರಿಗೇ ತೂತು ಮಾಡ್ತಾರೆ.’

ಜೊತೆಯ ಡಾಕ್ಟರುಗಳು ನಗುತ್ತಿದ್ದರು. ಮುಂದೆ ಎಂದೋ ಬರುವ ಗುರುತಿಲ್ಲದ ಯಾರಿಗೋ ಇಷ್ಟು ಕಾಳಜಿ ಮಾಡುವ ಮನುಷ್ಯ, ಮನೆಯಲ್ಲಿದ್ದ ಹೆಂಡತಿಗೆ ಎರಡು ಸಾಲಿನ ಚೀಟಿ ಬರೆದಿಡದೆ ಹೋದದ್ದು ಬೇರೆ ಮಾತು.

ಡಾಕ್ಟರಮ್ಮ ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಎಳೆದುಕೊಂಡು ಬಗ್ಗಿದರು. ನೀಲಿಯ ಮೇಲೆ ಗುಂಡುಸೂಜಿಯ ತಲೆಗಿಂತ ಚಿಕ್ಕ ಗುಳಿಗಳು. ಒಂದು, ಎರಡು, ಮೂರು, ನಾಲ್ಕು. ಪ್ರತಿ ನಾಳದ ನೇರಕ್ಕೆ ಒಂದು ಗುಳಿ. ಮುಂದೆ ತೆಗೆಯುವವರ ಸೂಜಿ ತಾನಾಗಿಯೇ ಅಲ್ಲಿ ಹೋಗಿ ನಿಲ್ಲಲಿ ಎಂದು.

“ಮಾವನ್ನ ಕರಿ,” ಎಂದರು.

“ಮಾವ ಪೇಪರ್ ಓದ್ತಿದಾರೆ ಅಮ್ಮಾ.”

“ಅವರು ಓದದೇ ಇರೋದು ಯಾವಾಗ? ಕರಿ.”

ಕುರ್ಚಿಯಲ್ಲಿ ಮಲಗಿದ್ದ ರೋಗಿ ಕಣ್ಣು ಹೊರಳಿಸಿ ನೋಡಿದರು. ಅವರು ರೈಲಿನ ಟಿಕೆಟ್ ಪರೀಕ್ಷಕರು, ಟೀಸಿ. ಕರೀ ಕೋಟು ಮೊಳೆಗೆ ತೂಗುತ್ತಿತ್ತು. ಬಾಯಿಗೆ ಹಸಿರು ರಬ್ಬರ್ ಹಾಳೆ ಬಿಗಿದಿತ್ತು, ಹಾಳೆಯ ತೂತಿನಿಂದ ನೋವಿನ ಹಲ್ಲೊಂದೇ ಹೊರಗೆ ಇಣುಕಿತ್ತು. ಮಾತಾಡುವ ಹಾಗಿರಲಿಲ್ಲ. ಹಾಳೆ ಹಾಕುವ ಮುಂಚೆ ಅವರು ಆಡಿದ್ದು ಎರಡೇ ಮಾತು: ‘ಇದರ ಬೇರಿನ ಕೆಲಸ ಮಾಡಿಸಿ ಹತ್ತು ವರ್ಷ ಆಯ್ತು ಡಾಕ್ಟ್ರೇ. ಮಾಡಿದವರು ತೀರಿಹೋಗಿದಾರೆ.’

ತೀರಿಹೋಗುವುದು ಈ ದವಾಖಾನೆಯಲ್ಲಿ ಅಷ್ಟು ಸುಲಭದ ಮಾತಾಗಿರಲಿಲ್ಲ. ಪರವಾನಗಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಅದರ ನವೀಕರಣಕ್ಕೆ ಇಬ್ಬರ ಸಹಿ ಬೇಕು, ಇಲ್ಲವೇ ಒಬ್ಬರ ಮರಣಪತ್ರ. ಎರಡೂ ಇಲ್ಲದ ಹೆಂಡತಿಗೆ ಅರ್ಜಿಯಲ್ಲಿ ಕಲಂ ಇಲ್ಲ. ಹೇಗೋ ತಳ್ಳಿಕೊಂಡು ಬಂದದ್ದಾಯಿತು. ಈ ತಿಂಗಳ ಕೊನೆಗೆ ಬಾಗಿಲಿಗೆ ಬೀಗ ಎಂದು ಕಚೇರಿಯವರು ಬರೆದಿದ್ದರು. ಅದಕ್ಕೇ ಮರಣಪತ್ರ ಪಡೆಯಲು ಸೋಮವಾರ ಹನ್ನೊಂದಕ್ಕೆ ಕೋರ್ಟಿನಲ್ಲಿ ನಿಂತು, ‘ಅವರು ಬದುಕಿರುವ ಯಾವ ಸುಳಿವೂ ಏಳು ವರ್ಷದಿಂದ ನನಗೆ ಸಿಕ್ಕಿಲ್ಲ’ ಎಂದು ಡಾಕ್ಟರಮ್ಮ ಪ್ರಮಾಣ ಮಾಡಬೇಕಿತ್ತು.

ಇವತ್ತು ಶುಕ್ರವಾರ. ಬೆಳಿಗ್ಗೆ ಹತ್ತರವರೆಗೆ ಅದು ನಿಜವೇ ಆಗಿತ್ತು.

ಮಾವ ಬಂದರು. ಡಾಕ್ಟರಮ್ಮನ ತಾಯಿಯ ತಮ್ಮ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಕೈಬರಹ ಪರೀಕ್ಷೆ ಮಾಡಿ ನಿವೃತ್ತರಾದವರು. ಯಾರ ಸಹಿಯನ್ನೂ ಒಮ್ಮೆಗೇ ನಂಬಿದವರಲ್ಲ. ಅಕ್ಕನ ಮಗಳ ಮದುವೆಯ ಕಾಗದಕ್ಕೆ ವರ ಸಹಿ ಹಾಕುವಾಗಲೂ ಬಗ್ಗಿ ನೋಡಿದ್ದರು.

“ಏನು, ಹಲ್ಲೊಳಗೆ ಕಾಗದ ಸಿಕ್ತಾ?”

“ಹಾಗೇ ಅಂದುಕೊಳ್ಳಿ.”

ಡಾಕ್ಟರಮ್ಮ ತಮ್ಮ ಕನ್ನಡಿ ಬಿಚ್ಚಿ ಅವರ ಹಣೆಗೆ ಕಟ್ಟಿದರು. ಮಾವ ಬಗ್ಗಿದರು.

“ಬಾಯಿ ವಾಸನೆ ಇಲ್ಲ ತಾನೆ?”

ಹಾಳೆಯ ಕೆಳಗಿನಿಂದ ಟೀಸಿ ‘ಆಂ’ ಎಂದು ಆಕ್ಷೇಪ ದಾಖಲಿಸಿದರು.

“ನೀಲಿ. ನಾಲ್ಕು ಚುಕ್ಕಿ,” ಎಂದರು ಮಾವ.

“ಚುಕ್ಕಿ ಅಲ್ಲ, ಗುಳಿ. ಇದು ಅವರ ಕೈ ಮಾವ.”

“ಒಂದು ಅಕ್ಷರ ನೋಡಿ ಕೈ ಹೇಳಬೇಡ. ಮೂರು ಹೋಲಿಕೆ ಸಿಗದೆ ನಾನು ಯಾವತ್ತೂ ಕೋರ್ಟಲ್ಲಿ ಬಾಯಿ ಬಿಟ್ಟವನಲ್ಲ.”

“ನೀಲಿ ಒಂದು. ಗುಳಿ ಎರಡು.”

“ನಿನ್ನಿಂದ ಯಾರಾದ್ರೂ ಕಲಿತಿದ್ರೆ?”

“ನಗೋರಿಗೆ ಕಲಿಸೋದು ಹೇಗೆ? ಯಾರೂ ಕಲಿತಿಲ್ಲ.”

“ನೀನೇ ಮಾಡಿ ಮರೆತಿದ್ರೆ?”

“ಮಾವ.”

“ಕೇಳಬೇಕಮ್ಮ. ಕೇಳದೇ ಬಿಟ್ಟ ಪ್ರಶ್ನೆನೇ ಆಮೇಲೆ ಕಾಲಿಗೆ ತೊಡರೋದು.”

“ಮುಖ ಮರೀತೀನಿ, ಹಲ್ಲು ಮರೆಯಲ್ಲ. ಇವರನ್ನ ಇವತ್ತೇ ಮೊದಲು ನೋಡ್ತಿರೋದು.”

“ಆಯ್ತು. ಹತ್ತು ವರ್ಷದ ಹಿಂದಿನದು ಅಂತ ಇವರು ಹೇಳಿದ್ದು ಹೊರಗೆ ನನಗೂ ಕೇಳಿಸ್ತು. ಆಗ ಅಳಿಯ ಇದ್ದ. ಮಾಡಿದಾನೆ. ಇದರಲ್ಲಿ ನನ್ನ ಪೇಪರ್ ಬಿಡಿಸುವಂಥದ್ದು ಏನಿದೆ?”

ಡಾಕ್ಟರಮ್ಮ ಎದ್ದು ಕಪಾಟಿನ ಮೇಲಿನ ಅರೆಯಿಂದ ಎರಡು ಬುಡ್ಡಿ ತಂದರು. ಒಂದು ಈಗ ಬಳಸುತ್ತಿರುವುದು. ಇನ್ನೊಂದರ ಅವಧಿ ಮುಗಿದು ಯಾವ ಕಾಲವಾಗಿತ್ತೋ. ಅದರ ಮೇಲೆ ಗಡಿಬಿಡಿಯ ದುಂಡನೆಯ ಅಕ್ಷರದಲ್ಲಿ ‘ಸಾರ್ ಬುಡ್ಡಿ, ಎಸೆಯಬಾರದು’ ಎಂಬ ಚೀಟಿ ಅಂಟಿತ್ತು.

ಗಾಜಿನ ಹಲಗೆಯ ಮೇಲೆ ಎರಡರಿಂದಲೂ ಒಂದೊಂದು ಚಿಟಿಕೆ ಇಟ್ಟು ಕಲಸಿ, ಟೀಸಿಯವರ ಗಲ್ಲದ ಪಕ್ಕ ದೀಪಕ್ಕೆ ಹಿಡಿದರು.

“ನೋಡಿ.”

ಹಳೆಯದು ತೊಳೆದ ಅಂಗಿಯಂಥ ತಿಳಿನೀಲಿ. ಹೊಸದು ಶಾಲೆಯ ಮಸಿಯಂಥ ಗಟ್ಟಿನೀಲಿ. ಹಲ್ಲಿನ ತಳದಲ್ಲಿದ್ದದ್ದು ಗಟ್ಟಿನೀಲಿ.

“ತಿಳಿಯದು ಬೇಗ ಬೆಳ್ಳಗಾಗುತ್ತೆ ಅಂತ ದೂರು ಬಂದು ಕಂಪನಿಯವರು ಬಣ್ಣ ಬದಲಾಯಿಸಿದ್ರು. ಮೂರು ವರ್ಷ ಆಯ್ತು. ಅದಕ್ಕೆ ಮುಂಚೆ ಈ ಬಣ್ಣ ಭೂಮಿ ಮೇಲೆ ಇರಲೇ ಇಲ್ಲ.”

 ನಿವೃತ್ತಿಯಾದ ಮೇಲೆ ಮಾವನ ಮುಖದಲ್ಲಿ ಕಾಣೆಯಾಗಿದ್ದ ಒಂದು ಕಳೆ ಮೆಲ್ಲಗೆ ಮರಳಿ ಬಂತು.

“ಶಾಯಿ,” ಎಂದರು. “ಒಂದು ಖೋಟಾ ಉಯಿಲು ಹೀಗೇ ಹಿಡಿದಿದ್ದೆ. ಬರೆದವನು ತೀರಿಕೊಂಡ ಮೇಲೆ ತಯಾರಾದ ಶಾಯಿ.”

“ಇಲ್ಲಿ ತೀರಿಕೊಂಡಿಲ್ಲ,” ಎಂದರು ಡಾಕ್ಟರಮ್ಮ.

ಅಷ್ಟು ಹೇಳಿ ಸ್ಟೂಲಿನ ಮೇಲೆ ಕೂತರು. ಮೂರು ವರ್ಷದೊಳಗೆ ಎಂದೋ ಒಂದು ದಿನ, ಎಲ್ಲೋ ಒಂದು ದೀಪದ ಕೆಳಗೆ, ಗಂಡ ಈ ಬಾಯಿಗೆ ಬಗ್ಗಿ ಕೂತಿದ್ದರು. ಉಸಿರು ಬಿಗಿಹಿಡಿದಿದ್ದರು. ಸಿಮೆಂಟು ಗಟ್ಟಿಯಾಗುವವರೆಗೆ ಕಾಯುತ್ತಾ, ಯಾವತ್ತಿನ ಹಾಗೆ ಕಾಲಿನಿಂದ ನೆಲಕ್ಕೆ ತಾಳ ಹಾಕಿದ್ದಿರಬಹುದು. ಏಳು ವರ್ಷದಲ್ಲಿ ಅವರ ಕೈ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಜಾಗ ಮಾತ್ರ ಅರ್ಧ ಕಡಲೆಕಾಳಿನಷ್ಟು, ಅದೂ ಬೇರೆಯವರ ಬಾಯಲ್ಲಿ.

“ಇದನ್ನ ಮುಟ್ಟಬೇಡ,” ಎಂದರು ಮಾವ. “ಸಾಕ್ಷ್ಯ.”

“ಒಳಗೆ ಕೀವಾಗಿದೆ. ಹಾಗೇ ಬಿಟ್ರೆ ನಾಳೆಗೆ ಮುಖ ಬಾತು ಇವರ ಕಣ್ಣೂ ಮುಚ್ಚಿಹೋಗುತ್ತೆ.”

ಟೀಸಿ ಎಡಗೈ ಎತ್ತಿದರು. ನೋವಾದರೆ ಎಡಗೈ ಎತ್ತಬೇಕು ಎನ್ನುವುದು ಒಪ್ಪಂದ. ಈಗ ಎತ್ತಿದ್ದು ನೋವಿಗಲ್ಲ, ಸಮ್ಮತಿಗೆ.

“ಅಮ್ಮಾ, ಫೋಟೋ ಆರು ತೆಗೆದಿದೀನಿ,” ಎಂದಳು ಗಡಿಬಿಡಿ.

“ಇನ್ನೊಂದು ತೆಗಿ.”

“ಹಿಂದಿನವೂ ಚೆನ್ನಾಗೇ ಬಂದಿವೆ.”

“ಬಂದಿರಲಿ. ತೆಗಿ.”

ಏಳನೆಯದನ್ನೂ ತೆಗೆದಾಯಿತು. ಎಂಟನೆಯದಕ್ಕೆ ನೆಪ ಸಿಗಲಿಲ್ಲ. ಡಾಕ್ಟರಮ್ಮ ಕರೆಂಟಿನಿಂದ ಸಣ್ಣಗೆ ನಡುಗುವ ಉಕ್ಕಿನ ಮೊನೆಯನ್ನು ನೀಲಿಗೆ ತಗುಲಿಸಿದರು. ನೀಲಿ ಚೂರುಚೂರಾಗಿ ಎದ್ದಿತು. ಚೂರುಗಳನ್ನು ನಳಿಕೆಗೆ ಬಿಡದೆ, ಒಂದೊಂದಾಗಿ ಚಿಮಟದಿಂದ ಎತ್ತಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ಕಸಕ್ಕೆ ಈ ಮರ್ಯಾದೆ ಸಿಕ್ಕಿದ್ದನ್ನು ಗಡಿಬಿಡಿ ನೋಡಿದಳು.

ಕೆಳಗೆ ಗುಲಾಬಿ ಬಣ್ಣದ ಹಳೆಯ ತುಂಬುವಿಕೆ ಕಾಣಿಸಿತು. ಮರದ ಅಂಟಿನಿಂದ ಮಾಡುವ ರಬ್ಬರಿನಂಥ ಪದಾರ್ಥ. ಎಳೆಎಳೆಯಾಗಿ ನಾಳಕ್ಕೆ ಇಳಿಸಿ, ಮೇಲೆ ಉಳಿದದ್ದನ್ನು ಕಾಯಿಸಿದ ಕಡ್ಡಿಯಿಂದ ಕತ್ತರಿಸುತ್ತಾರೆ.

“ನಿಲ್ಲು,” ಎಂದರು ಮಾವ. “ಅದೇನು ಬಾಲದ ಹಾಗೆ?”

“ಬಿಸಿ ಕಡ್ಡಿ ಎಳೆದ ಗುರುತು. ಕತ್ತರಿಸಿ ಕೈ ಆಚೆ ತೆಗೆಯುವಾಗ ಅಂಟು ಒಂದಿಷ್ಟು ಹಿಂದೇನೇ ಬರುತ್ತೆ.”

“ಅಕ್ಷರದ ಕೊನೆಯ ಗೀಟು. ಯಾವ ಕಡೆಗೆ ಬರುತ್ತೆ?”

“ಕೆಲಸ ಮಾಡುವ ಕೈ ಕಡೆಗೆ.”

ಹೇಳಿದ ಮೇಲೆ ಡಾಕ್ಟರಮ್ಮನಿಗೇ ಅರ್ಥವಾಯಿತು. ಬಾಲ ಮೂರೂ ಬಲಕ್ಕಿದ್ದವು.

ಪಕ್ಕದ ಕೋಣೆಯಲ್ಲಿ ಇನ್ನೊಂದು ಕುರ್ಚಿಯಿದೆ. ಅದರ ತಟ್ಟೆ, ಡ್ರಿಲ್ಲು, ದೀಪದ ಹಿಡಿ ಎಲ್ಲವೂ ಎಡಕ್ಕೆ. ಬೇರೆ ಯಾವ ಡಾಕ್ಟರಿಗೂ ಅದರಲ್ಲಿ ಕೆಲಸ ಮಾಡಲಿಕ್ಕಾಗದು. ಏಳು ವರ್ಷದಿಂದ ಅದರಲ್ಲಿ ಯಾರೂ ಕೂತಿಲ್ಲ, ದಿನಾ ಒರೆಸುವುದು ತಪ್ಪಿಲ್ಲ.

“ಅಳಿಯ ಎಡಗೈಯವನು,” ಎಂದರು ಮಾವ. “ಮೂರನೇ ಹೋಲಿಕೆ ತಪ್ಪಿತು.”

“ಎಡಗೈಗೆ ಏನಾದ್ರೂ ಆಗಿದ್ದಿರಬಹುದು.”

“ಆಗಿದ್ದಿರಬಹುದು. ಬೇರೆಯವನೂ ಆಗಿದ್ದಿರಬಹುದು.”

“ಕೈ ಮುರಿದಿದ್ರೆ ಬಲಗೈಲಿ ಕಲಿತಿರ್ತಾರೆ. ಹಟ ಜಾಸ್ತಿ ಅವರಿಗೆ.”

“ಕೈ ಮುರಿದಿರಲಿ ಅಂತ ಆಸೆಪಡೋ ಹೆಂಡತೀನ ನಾನು ಇವತ್ತೇ ನೋಡ್ತಿರೋದು,” ಎಂದರು ಮಾವ, ದನಿ ತಗ್ಗಿಸಿ. ಬೈದ ಹಾಗಿರಲಿಲ್ಲ.

ಡಾಕ್ಟರಮ್ಮ ಕೆಲಸಕ್ಕೆ ಬಗ್ಗಿದರು. ಮೇಲಿನ ಅಂಟನ್ನು ಬಿಸಿಮೊನೆಯಿಂದ ಕರಗಿಸಿ ತೆಗೆದರು. ಒಂದು ಹನಿ ಔಷಧಿ ಬಿಟ್ಟರು. ಕೋಣೆಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಎದ್ದಿತು. ಕೂದಲಿನಷ್ಟು ತೆಳುವಾದ ಅರವನ್ನು ಮೆತ್ತಗಾದ ಗುಲಾಬಿಯೊಳಗೆ ತಿರುಗಿಸಿ ಇಳಿಸಿ, ಅವಸರವಿಲ್ಲದೆ ಮೇಲಕ್ಕೆ ಎಳೆದರು. ಎಳೆ ತುಂಡಾಗದೆ, ತುದಿಯವರೆಗೆ ಪೂರ್ತಿಯಾಗಿ ಬಂತು.

ಬೇರೆ ಯಾವ ದಿನವಾಗಿದ್ದರೂ ಇದು ಹಬ್ಬ. ಇಂಥ ಎಳೆ ಬಂದಾಗ ಪಕ್ಕದ ಕೋಣೆಗೆ ಹೋಗಿ ಗಂಡನಿಗೆ ತೋರಿಸುವುದು ಡಾಕ್ಟರಮ್ಮನ ರೂಢಿಯಾಗಿತ್ತು. ಅವರು ತಲೆ ಎತ್ತದೆ ‘ಕತ್ತು ಮುರೀದೆ ಬಂತಲ್ಲ’ ಎನ್ನುತ್ತಿದ್ದರು. ಈಗಲೂ ಡಾಕ್ಟರಮ್ಮನ ಮುಖ ಅರ್ಧ ಆ ಕಡೆಗೆ ತಿರುಗಿತು, ಮತ್ತೆ ಈ ಕಡೆಗೆ ಬಂತು.

ಎರಡನೆಯದು ಎರಡು ತುಂಡಾಗಿ ಬಂತು. ಮೂರನೆಯದಕ್ಕೆ ಮತ್ತೊಂದು ಹನಿ ಬೇಕಾಯಿತು. ನಾಲ್ಕನೇ ಗುಳಿಯಿದ್ದ ಜಾಗದಲ್ಲಿ ಗುಲಾಬಿ ಇರಲಿಲ್ಲ. ಬರೀ ಹಲ್ಲು.

“ಇಲ್ಲಿ ಏನೂ ತುಂಬಿಲ್ಲ.”

“ಮತ್ತೆ ಗುಳಿ ಯಾಕೆ?”

“ಈ ಹಲ್ಲಿಗೆ ಎಷ್ಟೋ ಸಲ ನಾಲ್ಕನೆಯದೊಂದು ನಾಳ ಇರುತ್ತೆ ಮಾವ. ಮೂರನೆಯದರ ಮಗ್ಗುಲಲ್ಲೇ ಅಡಗಿರುತ್ತೆ. ಬಹಳ ಜನ ಹುಡುಕೋಕೂ ಹೋಗಲ್ಲ. ನಮ್ಮವರು ಹುಡುಕದೆ ಬಿಟ್ಟವರೇ ಅಲ್ಲ.”

ಹದಿನೈದು ನಿಮಿಷ ಹಿಡಿಯಿತು. ಮೊನೆಯಿಂದ ಒಂದೊಂದೇ ಪದರ ಸವೆಸಿದರು, ತೊಳೆದರು, ಸೂಜಿ ಊರಿ ನೋಡಿದರು, ಮತ್ತೆ ಸವೆಸಿದರು. ಕೊನೆಗೆ ಸೂಜಿ ಒಂದು ಕಡೆ ಹಿಡಿದುಕೊಂಡಿತು. ಸರಿಯಾಗಿ ಗುಳಿಯ ಕೆಳಗೆ. ಅರ ಇಳಿಯುತ್ತಲೇ ಒಂದು ತೊಟ್ಟು ಕೀವು ಮೇಲೆ ಬಂತು. ಟೀಸಿಯವರ ಬಿಗಿದ ಭುಜಗಳು ಕುರ್ಚಿಗೆ ಒರಗಿದವು. ಮೂಗಿನಿಂದ ಉದ್ದನೆಯ ಉಸಿರು ಹೋಯಿತು.

“ನೋವಿದ್ದದ್ದು ಇಲ್ಲೇ,” ಎಂದರು ಡಾಕ್ಟರಮ್ಮ. “ಮಾಡಿದವರಿಗೆ ಇಲ್ಲಿದೆ ಅಂತ ಗೊತ್ತಿತ್ತು. ಗುರುತು ಹಾಕಿದಾರೆ. ಒಳಗೆ ಹೋಗೋಕೆ ಆಗಿಲ್ಲ.”

ಮಾವ ಸ್ಟೂಲು ಎಳೆದುಕೊಂಡು ರೋಗಿಯ ತಲೆಯ ಬಳಿ ಕೂತರು.

“ಸ್ವಾಮಿ, ಮಾತಾಡೋ ಕಷ್ಟ ನಿಮಗೆ ಬೇಡ. ಒಂದು ಬೆರಳು ಅಂದ್ರೆ ಹೌದು. ಎರಡು ಅಂದ್ರೆ ಇಲ್ಲ.”

“ಮಾವ, ಅವರು ನನ್ನ ಪೇಷೆಂಟು.”

“ನಿನಗೆ ಪೇಷೆಂಟು. ನನಗೆ ಸಾಕ್ಷಿ. ಕುರ್ಚಿ ಒಂದೇ, ಏನ್ ಮಾಡೋದು.” ಮತ್ತೆ ಟೀಸಿಯ ಕಡೆ ತಿರುಗಿದರು. “ಟಿಕೆಟ್ ಈಗ ತಾನೇ ಜೇಬಲ್ಲಿತ್ತು ಅನ್ನೋರನ್ನ ದಿನಕ್ಕೆ ಎಷ್ಟು ಜನ ನೋಡ್ತೀರೋ. ಅವರ ಮುಖ ಹೇಗಿರುತ್ತೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಮುಕ್ಕಾಲು ಮುಖಕ್ಕೆ ರಬ್ಬರ್ ಇದ್ದೂ ನಿಮ್ಮದು ಈಗ ಹಾಗೇ ಇದೆ. ಹತ್ತು ವರ್ಷ ಅನ್ನೋದು ಸುಳ್ಳು. ಹೌದಾ?”

ಹೊಟ್ಟೆಯ ಮೇಲಿದ್ದ ಕೈ ಅಲುಗಲಿಲ್ಲ. ಆಮೇಲೆ ಒಂದು ಬೆರಳು ಎದ್ದಿತು.

“ಮಾಡಿದವರು ತೀರಿಹೋಗಿದಾರೆ ಅಂದ್ರಿ. ಅದೂ ಸುಳ್ಳು?”

ಟೀಸಿ ಕಣ್ಣು ಮುಚ್ಚಿಕೊಂಡರು. ಡಾಕ್ಟರಮ್ಮ ಕೈಯನ್ನೇ ನೋಡುತ್ತಿದ್ದರು. ಗಡಿಬಿಡಿಯೂ.

ಒಂದು ಬೆರಳು.

ರಬ್ಬರ್ ಹಾಳೆಯನ್ನು ಕಿತ್ತೆಸೆದು ಕೇಳುವ ಹೆಂಡತಿಯರು ಲೋಕದಲ್ಲಿದ್ದಾರೆ. ಈ ಹೆಂಡತಿ ನಾಲ್ಕೂ ನಾಳಗಳನ್ನು ತೊಳೆದು, ಕಾಗದದ ಕಡ್ಡಿಗಳಿಂದ ಒಂದೊಂದನ್ನೂ ಒಣಗಿಸಿ, ಔಷಧಿ ತುಂಬಿ, ತಾತ್ಕಾಲಿಕ ಮುಚ್ಚಳ ಒತ್ತಿ, ಅದು ಗಟ್ಟಿಯಾಗುವವರೆಗೆ ಗಡಿಯಾರ ನೋಡಿದರು.  

ಹಾಳೆ ಬಿಚ್ಚಿದ ಮೇಲೆ ಟೀಸಿ ಬಾಯಿ ಮುಕ್ಕಳಿಸಿ, ಮರಗಟ್ಟಿದ ತುಟಿಯನ್ನು ಮುಟ್ಟಿ ನೋಡಿಕೊಂಡರು.

“ಮಾತು ಕೊಟ್ಟಿದ್ದೆ ಡಾಕ್ಟ್ರೇ. ಬಾಯಿ ಬಿಡಲ್ಲ ಅಂತ.”

“ಒಂದೂವರೆ ಗಂಟೆಯಿಂದ ಬಿಟ್ಟುಕೊಂಡೇ ಇದೀರ,” ಎಂದರು ಮಾವ. “ಮುಂದುವರಿಸಿ.”

“ಎರಡೂವರೆ ವರ್ಷದ ಹಿಂದೆ. ನಮ್ಮ ಗಾಡಿ ಹೋಗೋ ಕೊನೇ ಸ್ಟೇಷನ್ನು. ಹಲ್ಲು ಹಿಡ್ಕೊಂಡು ಒದ್ದಾಡ್ತಿದ್ದೆ. ಸೈಕಲ್ ಅಂಗಡಿ ಮೇಲೆ ಒಬ್ಬರಿದಾರೆ, ಬೋರ್ಡು ಗೀರ್ಡು ಇಲ್ಲ, ಕೈ ಒಳ್ಳೇದು ಅಂದ್ರು. ಹೋದೆ. ಮೂರು ಸಲ ಕರೆಸಿಕೊಂಡು ಮಾಡಿದ್ರು. ನಿಧಾನ. ಬಹಳ ನಿಧಾನ.”

“ಯಾವ ಕೈಲಿ?” ಡಾಕ್ಟರಮ್ಮ ಕೇಳಿದರು.

ಟೀಸಿ ಯೋಚಿಸಿ, ಗಾಳಿಯಲ್ಲಿ ಡ್ರಿಲ್ಲು ಹಿಡಿದು ನೋಡಿದರು. “ಬಲಗೈ.”

“ಎಡಗೈಗೆ ಏನಾಗಿತ್ತು?”

“ಏನಾಗಿತ್ತು? ಏನಿಲ್ಲ. ಅದರಲ್ಲಿ ಕನ್ನಡಿ ಹಿಡಿದಿದ್ರು. ಚೆನ್ನಾಗೇ ಇತ್ತು.”

ಮಾವ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಅಕ್ಕನ ಮಗಳ ಮುಖ ನೋಡಲಿಲ್ಲ.

“ಕೊನೇ ದಿನ ಅಂದ್ರು, ‘ಒಂದು ದಾರಿ ನನಗೆ ಸಿಗ್ತಿಲ್ಲ. ಗುರುತು ಮಾಡಿದೀನಿ. ಮುಂದೆ ನೋವು ಬಂದ್ರೆ ಎಲ್ಲೆಲ್ಲೋ ಹೋಗಬೇಡಿ, ಇಲ್ಲಿಗೇ ಹೋಗಿ’ ಅಂತ ನಿಮ್ಮ ವಿಳಾಸ ಹೇಳಿದ್ರು. ಬಾಯಿಪಾಠ ಇತ್ತು, ಯಾವುದನ್ನೂ ನೋಡಲಿಲ್ಲ. ‘ಅವರಿಗೆ ಸಿಗುತ್ತೆ’ ಅಂದ್ರು.”

“‘ಅವರಿಗೆ’ ಅಂದ್ರಾ?”

ಟೀಸಿ ತಡವರಿಸಿದರು. “ಇಲ್ಲ. ‘ಅವಳಿಗೆ ಸಿಗುತ್ತೆ’ ಅಂದ್ರು. ಮರ್ಯಾದೆ ಇರಲಿ ಅಂತ ನಾನೇ...”

“ಪರವಾಗಿಲ್ಲ,” ಎಂದರು ಡಾಕ್ಟರಮ್ಮ. ತಟ್ಟೆಯಲ್ಲಿದ್ದ ಸಲಕರಣೆಗಳನ್ನು ಸಾಲಾಗಿ ಜೋಡಿಸಿದರು. ಅವು ಆಗಲೇ ಸಾಲಾಗಿದ್ದವು.

“ಇದಿಷ್ಟಕ್ಕೆ ಸುಳ್ಳು ಯಾಕೆ ಹೇಳಬೇಕಿತ್ತು?” ಮಾವ ಕೇಳಿದರು.

“ಇದಕ್ಕಲ್ಲ. ಮೊನ್ನೆಯದಕ್ಕೆ.”

“ಮೊನ್ನೆ?”

“ಬುಧವಾರ. ನನ್ನ ಗಾಡಿಯಲ್ಲೇ ಕೂತಿದ್ರು. ಎರಡನೇ ಬೋಗಿ, ಕಿಟಕಿ ಪಕ್ಕ. ನೋಡಿದ ಕೂಡಲೇ ಗುರುತು ಸಿಕ್ತು. ‘ಹಲ್ಲು ನೋಯ್ತಿದೆ ಡಾಕ್ಟ್ರೇ, ಆ ವಿಳಾಸಕ್ಕೆ ಹೋಗ್ಲಾ’ ಅಂದೆ. ಮುಖ ಬಿಳಿಚಿಕೊಂಡ್ರು. ‘ಹೋಗಿ, ಆದ್ರೆ ಸೋಮವಾರ ಆಗಲಿ’ ಅಂದ್ರು. ‘ಸೋಮವಾರಕ್ಕೆ ಮುಂಚೆ ಮಾತ್ರ ಬೇಡ. ಹೋದ್ರೂ ಯಾರು ಮಾಡಿದ್ದು ಅಂತ ಹೇಳಬೇಡಿ’ ಅಂತ ಕೈ ಹಿಡ್ಕೊಂಡ್ರು. ನಾನು ತಡ್ಕೊಳ್ಳೋಣ ಅಂತಲೇ ಇದ್ದೆ. ನೋವು ಕೇಳಬೇಕಲ್ಲ.”

 ಗೊರಗೊರ ಎನ್ನುತ್ತಿದ್ದ ನಳಿಕೆಯನ್ನು ಗಡಿಬಿಡಿ ಆರಿಸಿದಳು.

“ಸೋಮವಾರದ ವಿಷಯ ಅವನಿಗೆ ಹೇಗೆ ಗೊತ್ತು?” ಮಾವ ತಮ್ಮಷ್ಟಕ್ಕೆ ಅಂದುಕೊಂಡು ತಾವೇ ಉತ್ತರ ಹೇಳಿಕೊಂಡರು. “ಪೇಪರಲ್ಲಿ ಪ್ರಕಟಣೆ ಹಾಕಿಸಿದ್ದು ನಾವೇ.”

“ನಾನು ಸುಳ್ಳು ಪ್ರಮಾಣ ಮಾಡಬಾರದು ಅಂತ,” ಎಂದರು ಡಾಕ್ಟರಮ್ಮ. “ಗೊತ್ತಿಲ್ಲದೆ ಹೇಳಿದ್ರೆ ಅದು ಸುಳ್ಳಾಗಲ್ಲ ಅಂತ. ದವಾಖಾನೆ ಉಳೀಲಿ ಅಂತ ಮಾವ.”

“ಇರಬಹುದು. ಇಲ್ಲವೇ ಅವನಿಗೆ ಸತ್ತವನಾಗೋದು ಬೇಕಾಗಿರಬಹುದು.” ಮಾವ ಟೀಸಿಯ ಕಡೆ ತಿರುಗಿದರು. “ಟಿಕೆಟ್ ಇತ್ತಾ?”

ತಮ್ಮ ಕಸುಬಿನ ಮಾತು ಬಂದದ್ದೇ ಟೀಸಿ ಮೊದಲ ಸಲ, ಸ್ವಂತ ಮನೆಗೆ ಬಂದವರ ಹಾಗೆ, ಹಗುರಾಗಿ ಮಾತಾಡಿದರು. “ಸರಿಯಾಗೇ ಇತ್ತು. ಈ ಊರಿಗೆ. ಬರೋದಕ್ಕೆ ಮಾತ್ರ. ಮುಂದಿನದಿಲ್ಲ, ಹಿಂದಿನದಿಲ್ಲ.”

“ಇಳಿದ್ರಾ?”

“ಇಲ್ಲೇ ಇಳಿದ್ರು. ಒಂದು ಚಿಕ್ಕ ಚೀಲ.”

ಬುಧವಾರ. ಎರಡು ದಿನದಿಂದ ಅವರು ಇದೇ ಬೀದಿಗಳಲ್ಲಿ ಎಲ್ಲೋ ಇದ್ದರು. ನಿನ್ನೆ ಸಂಜೆ ದವಾಖಾನೆ ಮುಚ್ಚಿ ಡಾಕ್ಟರಮ್ಮ ನಡೆದು ಹೋಗುವಾಗ, ಎದುರಿನ ಫುಟ್‌ಪಾತಿನಲ್ಲಿ ಎಷ್ಟೋ ಜನ ಹಾದುಹೋಗಿದ್ದರು. ಒಬ್ಬರ ಮುಖವನ್ನೂ ನೋಡಿರಲಿಲ್ಲ.

ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಡಾಕ್ಟರಮ್ಮ ಕೇಳಿದ್ದು ಬೇರೆ.

“ಹೇಗಿದ್ರು? ಸೊರಗಿಹೋಗಿದ್ರಾ?”

“ತೆಳ್ಳಗಿದ್ರು. ತಲೆ ಪೂರಾ ಬೆಳ್ಳಗೆ. ಕನ್ನಡಕ.”

“ಅದು ಯಾರಿಗೆ ಬೇಕಾದ್ರೂ ಹೊಂದುತ್ತೆ,” ಎಂದರು ಮಾವ. “ನನಗೆ ಮೂರನೇ ಹೋಲಿಕೆ ಬೇಕು. ನಿನಗೆ ಮಾತ್ರ ಗೊತ್ತಿರುವಂಥದ್ದು ಏನಾದ್ರೂ ಕೇಳು.”

ಡಾಕ್ಟರಮ್ಮನಿಗೆ ಹುಡುಕಬೇಕಾಗಿರಲಿಲ್ಲ. ಮದುವೆಯಾದಂದಿನಿಂದ ಆರು ತಿಂಗಳಿಗೊಮ್ಮೆ ಆ ಬಾಯನ್ನು ನೋಡಿದವರು ಅವರೇ.

“ನಗುವಾಗ ಮೇಲಿನ ಮುಂದಿನ ಹಲ್ಲು ಒಂದು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿಕೊಂಡಿರೋದು ಕಾಣುತ್ತೆ. ಸರಿಮಾಡ್ತೀನಿ ಅಂದ್ರೆ ಒಪ್ಪಲಿಲ್ಲ. ಹಾಗಿತ್ತಾ? ನೆನಪು ಮಾಡಿಕೊಂಡು ಹೇಳಿ. ಎಡಗಡೆ.”

ಟೀಸಿ ಡಾಕ್ಟರಮ್ಮನನ್ನು ನೋಡಿದರು, ಮಾವನನ್ನು ನೋಡಿದರು, ಮೊಳೆಗೆ ತೂಗುತ್ತಿದ್ದ ತಮ್ಮ ಕೋಟನ್ನೂ ನೋಡಿದರು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

“ಬುಧವಾರ ಬೆಳಿಗ್ಗೆ ನಾನು ಬೋಗಿಗೆ ಹತ್ತಿದಾಗ, ಸೀಟಿಗೆ ಬಂದು ಕೂರೋಕೆ ಮುಂಚೆ, ಅವರು ಬೇಸಿನ್ ಹತ್ರ ನಿಂತು ತೊಳೀತಿದ್ರು ಡಾಕ್ಟ್ರೇ. ಕೈಲಿಟ್ಟುಕೊಂಡು. ಮೇಲಿನದೂ, ಕೆಳಗಿನದೂ. ಪೂರಾ ಕಟ್ಟಿಸಿದ ಸೆಟ್ಟು. ಅವರ ಬಾಯಲ್ಲಿ ಅವರದ್ದು ಅಂತ ಒಂದು ಹಲ್ಲೂ ಇಲ್ಲ.”

ಮಾವನ ಪೆನ್ನು ನಿಂತಿತು.

“ಹೋಗುವಾಗ ಅವನಿಗೆ ಎಷ್ಟಿತ್ತು?”

“ಮೂವತ್ತೆರಡು,” ಎಂದರು ಡಾಕ್ಟರಮ್ಮ. “ಹಿಂದಿನ ವಾರ ತಾನೇ ನಾನು ಶುಚಿ ಮಾಡಿದ್ದೆ. ಒಂದಕ್ಕೂ ಹುಳುಕಿರಲಿಲ್ಲ.”

“ಹಾಗಾದ್ರೆ ಗಟ್ಟಿಯಾಗಿದ್ದ ಮೂವತ್ತೆರಡನ್ನೂ ಯಾರೋ ಕಿತ್ತಿದಾರೆ,” ಎಂದರು ಮಾವ. “ಇಲ್ಲಾಂದ್ರೆ, ಮಗಳೇ, ಬುಧವಾರ ಈ ಊರಲ್ಲಿ ಇಳಿದವನು ನಿನ್ನ ಗಂಡ ಅಲ್ಲ. ಅವನ ಕೆಲಸವನ್ನೂ ನಿನ್ನ ವಿಳಾಸವನ್ನೂ ಅವನಿಂದಲೇ ಬಾಯಿಪಾಠ ಮಾಡಿಕೊಂಡವನು.”